ನಾಲ್ಕು ಗಂಟೆಯ ತರಗತಿ

ಸಿರುಗುಪ್ಪದ ಗಂಗೋತ್ರಿ ಮೂರು ವಾರದಿಂದ ತರಗತಿಗೆ ಬಂದಿಲ್ಲ ಎಂಬುದು ಹಾಜರಿ ಪುಸ್ತಕ ತಿರುವಿದಾಗಲೇ ಯಶೋಧರಾಳಿಗೆ ಗೊತ್ತಾದದ್ದು.

ಬಳ್ಳಾರಿಯ ಪಟೇಲ್ ನಗರದ ಆ ಮನೆಯಲ್ಲಿ ಪ್ರತಿ ಶನಿವಾರ, ಭಾನುವಾರ ಸಂಜೆ ಐದಕ್ಕೆ ‘ಅರಿವಿನಂಗಳ’ ಎಂಬ ಮಕ್ಕಳ ವಚನ ತರಗತಿ ನಡೆಯುತ್ತಿತ್ತು. ಮನೆಯಲ್ಲಿ ಎಂದರೆ ಲ್ಯಾಪ್‌ಟಾಪಿನಲ್ಲಿ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಓಣಿಯ ಹತ್ತು ಮಕ್ಕಳಿಗೆಂದು ಶುರುವಾದದ್ದು, ಈಗ ಮೋಕ, ಕುರುಗೋಡು, ಸಿರುಗುಪ್ಪದವರೆಗೂ ಹಬ್ಬಿ ಅರವತ್ತನಾಲ್ಕು ಮಕ್ಕಳಾಗಿದ್ದರು. ಮನೆಯ ಹಿರಿಯ ಗವಿಸಿದ್ದಪ್ಪ ಅದರ ಅಧ್ಯಕ್ಷ. ಹಿರಿಯ ಸೊಸೆ ಯಶೋಧರಾ ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ವಚನಗಳ ಅರ್ಥ ಹೇಳುವವಳು ಅವಳೇ. ಹಾರ್ಮೋನಿಯಂ ಹಿಡಿದು ಹಾಡು ಕಲಿಸುವವನು ಅವಳ ಮೈದುನ ಸಂಗಮೇಶ್. ಇಪ್ಪತ್ತೆಂಟು ವರ್ಷ, ಮೆತ್ತನೆಯ ಮಾತು, ಹಣೆಯ ಮೇಲೆ ಅಳಿಯದ ವಿಭೂತಿ. ಕುರುಗೋಡಿನ ಹೆಣ್ಣು ಗೊತ್ತಾಗಿ ಜೂನ್ ತಿಂಗಳಲ್ಲಿ ಮದುವೆ ನಿಶ್ಚಯವಾಗಿತ್ತು.

ಬೇಸಿಗೆ ರಜೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಯಶೋಧರಾ ಗಂಗೋತ್ರಿಯ ತಾಯಿಗೆ ಫೋನ್ ಮಾಡಿದಳು. ಹೊನ್ನೂರಮ್ಮ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ರಜೆಯಲ್ಲಿ ಮದುವೆ ಮನೆಗಳ ಅಡುಗೆಗೆ ಹೋಗುತ್ತಿದ್ದಳು.

“ಹೊನ್ನೂರಮ್ಮಾರ, ಗಂಗೋತ್ರಿಗೆ ಆರಾಮಿಲ್ಲೇನ್ರಿ? ಮೂರು ವಾರ ಆತು, ತರಗತಿಗೆ ಬಂದಿಲ್ಲ.”

“ಅಯ್ಯ, ಬರ್ತಾಳಲ್ರಿ ಟೀಚರ್ರೇ. ದಿನಾ ನಾಲ್ಕಕ್ಕ ಫೋನ್ ಹಿಡ್ಕೊಂಡು ಒಳಗ ಕುಂದರ್ತಾಳ. ಸಂಗಮೇಶಣ್ಣಾರು ಆಕಿಗೆ ಬ್ಯಾರೇ ಸ್ಪೆಷಲ್ ಕ್ಲಾಸ್ ತಗೋತಾರಲ್ಲ, ಸ್ಪರ್ಧೆಗೆ ತಯಾರ್ ಮಾಡಾಕ ಅಂತ.”

“ದಿನಾ?”

“ದಿನಾ ರೀ. ನಾ ಅಡಿಗಿ ಕೆಲಸಕ್ಕ ಹೋಗಿರ್ತೀನಿ. ನಮ್ಮತ್ತಿ ಹೇಳ್ತಾಳ, ಹುಡುಗಿ ಬಾಗ್ಲ ಹಾಕ್ಕೊಂಡು ಭಾಳ ಶ್ರದ್ಧೆಯಿಂದ ಕಲೀತಾಳ ಅಂತ.”

ಯಶೋಧರಾ ಒಳ್ಳೆಯದು ಎಂದಷ್ಟೇ ಹೇಳಿ ಫೋನಿಟ್ಟಳು. ಅರಿವಿನಂಗಳದಲ್ಲಿ ನಾಲ್ಕು ಗಂಟೆಯ ತರಗತಿ ಎಂಬುದು ಇರಲೇ ಇಲ್ಲ. ಯಾವ ಸ್ಪರ್ಧೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಕೂತಿದ್ದರು. ಅವಳು ಬೇರೆ ಮಾತಿನ ನಡುವೆ ಕೇಳಿದಳು.

“ಸಂಗಮೇಶ, ಆ ಸಿರುಗುಪ್ಪದ ಗಂಗೋತ್ರಿ ಯಾಕೋ ಬರವಲ್ಲಳು. ನಿನಗೇನರ ಗೊತ್ತೈತೇನು?”

“ಇಲ್ಲ ಅತ್ತಿಗಿ.” ಅವನು ಮಿರ್ಚಿ ಮುರಿದು ಬಾಯಿಗಿಟ್ಟುಕೊಂಡ. “ಆ ಹುಡುಗೂರು ಹಂಗ. ಎರಡು ದಿನ ಬರ್ತಾವ, ಬಿಡ್ತಾವ.”

ಅವನ ದನಿಯಲ್ಲಿ ಒಂದಿಷ್ಟೂ ಏರುಪೇರಿರಲಿಲ್ಲ. ಯಶೋಧರಾ ತಟ್ಟೆ ಎತ್ತಿಟ್ಟು, ಹುಡುಗಿಯನ್ನು ನೋಡಿಕೊಂಡು ಬರುತ್ತೇನೆಂದು ಅತ್ತೆಗೆ ಹೇಳಿ, ಸಿರುಗುಪ್ಪದ ಬಸ್ಸು ಹತ್ತಿದಳು.

ಹೊನ್ನೂರಮ್ಮನ ಮನೆ ಎಂದರೆ ಎರಡು ಕೋಣೆ, ಮುಂದೆ ತಗಡಿನ ಚಪ್ಪರ. ಗಂಗೋತ್ರಿ ಚಾಪೆಯ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ. ಟೀಚರನ್ನು ನೋಡಿ ಎದ್ದು ನಿಂತಳು, ತಲೆ ಎತ್ತಲಿಲ್ಲ. ಅಂದು ಕೆಲಸವಿರದ ಹೊನ್ನೂರಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಯಶೋಧರಾ ಒಮ್ಮೆಲೇ ಏನೂ ಕೇಳಲಿಲ್ಲ. ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ಒಂದು ದಿನದ ತರಬೇತಿ ಕೊಟ್ಟಿದ್ದರು. ಮಗುವನ್ನು ಒತ್ತಾಯ ಮಾಡಬೇಡಿ, ಬೈಯಬೇಡಿ, ಕೇಳಿಸಿಕೊಳ್ಳಿ ಎಂದಿದ್ದರು. ಅವಳೂ ಚಾಪೆಯ ಮೇಲೆ ಕೂತು ಒಂದು ಹಿಡಿ ಸೊಪ್ಪು ಎತ್ತಿಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು, “ನಾಲ್ಕು ಗಂಟೆ ತರಗತಿ ನಾ ಇಟ್ಟಿದ್ದಲ್ಲವಾ. ನನಗ ಗೊತ್ತ ಇರಲಿಲ್ಲ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಯಾರೂ ನಿನ್ನ ಬೈಯಾಂಗಿಲ್ಲ.”

ಹುಡುಗಿ ಮತ್ತೆ ಕೂತು ಕೊತ್ತಂಬರಿಯ ಬೇರುಗಳನ್ನು ಒಂದೊಂದಾಗಿ ಕಿತ್ತಿಟ್ಟಳು.

“ಅಳಿಸು ಅಂದಿದ್ರು,” ಎಂದಳು ಕೊನೆಗೆ. “ನಾ ಎಲ್ಲಾ ಅಳಿಸಿಲ್ಲ.”

ಎದ್ದು ಒಳಗೆ ಹೋಗಿ ತರಗತಿಗೆಂದು ಇಟ್ಟಿದ್ದ ಫೋನ್ ತಂದಳು. ಟೀಚರಿಗೆ ಕೊಡಲಿಲ್ಲ, ತಾಯಿಯ ಕೈಯಲ್ಲಿಟ್ಟು ಅಲ್ಲೇ ಗೋಡೆಗೆ ಒರಗಿ ನಿಂತಳು.

ಹೊನ್ನೂರಮ್ಮ ಏಳನೆಯವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಮೊದಲು ಬರೀ ಹೊಗಳಿಕೆ. ನಿನ್ನ ದನಿಯಂಥ ದನಿ ಇಡೀ ಜಿಲ್ಲೆಯಲ್ಲಿಲ್ಲ. ಉಳಿದ ಮಕ್ಕಳ ಜೊತೆ ಕೂತರೆ ದನಿ ಕೆಡುತ್ತದೆ, ಶನಿವಾರದ ತರಗತಿಗೆ ಬರಬೇಡ. ಇದು ಗುರು ಶಿಷ್ಯರ ನಡುವಿನ ಮಾತು, ಅವ್ವನಿಗೆ ಹೇಳಿದರೆ ಸಾಧನೆ ಕೆಡುತ್ತದೆ. ಆಮೇಲೆ ಪೂಜೆಗೆ ಕೂತ ಫೋಟೋ ಕಳಿಸು. ಆಮೇಲೆ ಕೂದಲು ಬಿಚ್ಚಿ ಕೂತ ಫೋಟೋ ಕಳಿಸು.

“ಎರಡು ಕಳ್ಸೀನಿ ಅವ್ವಾ. ಮೂರನೇದ್ದು ಕಳ್ಸಿಲ್ಲ. ಅದಕ್ಕ ಸಿಟ್ಟಾಗ್ಯಾರ. ಕಳ್ಸಲಿಲ್ಲಂದ್ರ ಆ ಎರಡೂ ಎಲ್ಲಾರಿಗೂ ತೋರಸ್ತೀನಿ ಅಂದ್ರು.”

ಮೂರನೆಯದು ಎಂಥದ್ದೆಂದು ಯಾರೂ ಕೇಳಲಿಲ್ಲ. ಅದು ಅಲ್ಲಿ ಬರೆದಿತ್ತು.

ಹೊನ್ನೂರಮ್ಮ ಟೀಚರಿಗೆಂದು ಚಹಾ ಇಟ್ಟಿದ್ದಳು. ಎದ್ದು ಹೋಗಿ ಒಲೆ ಆರಿಸಿದಳು. ಮಗಳನ್ನು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡಳು.

“ಓಣ್ಯಾಗಿನ ಯಾವನರ ಬಂದು ಮಾತಾಡ್ಸಿದ್ರ ಕಾಲು ಮುರದು ಕೈಯಾಗ ಕೊಡ್ತಿದ್ದೆ ಟೀಚರ್ರೇ,” ಎಂದಳು. “ನಿಮ್ಮ ಮನಿಯಿಂದ ಬಂದದ್ದು, ದೇವರ ಪಾಠ ಅಂತ, ನಾನ ಬಾಗ್ಲ ಹಾಕ್ಕೊಂಡು ಕುಂದರು ಅಂದಿದ್ದೆ. ಗದ್ದಲ ಆಗಬಾರದಲ್ಲ ಅಂತ.”

ಯಶೋಧರಾ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು.

“ಈಗೇನ್ ಮಾಡ್ತೀರಿ?” ಎಂದು ಹೊನ್ನೂರಮ್ಮ ಕೇಳಿದಳು.

“ದೂರು ಕೊಡಬೇಕು. ನಾ ನಿಮ್ಮ ಜೊತಿ ಬರ್ತೀನಿ.”

“ನಿಮ್ಮ ಮೈದುನನ ಮ್ಯಾಲೆ? ನಿಮ್ಮ ಮನ್ಯಾಗ ಬಿಡ್ತಾರೇನು?”

ಹೊನ್ನೂರಮ್ಮನ ಗಂಡ ರೈಸ್ ಮಿಲ್ಲಿನಲ್ಲಿ ಹಮಾಲಿ. ಅವನು ಬರಲಿ, ಅವನಿಗೆ ಹೇಳದೆ ಏನೂ ಮಾಡಲಾರೆ, ಎರಡು ದಿನ ಕೊಡಿ ಎಂದಳು ಹೊನ್ನೂರಮ್ಮ. ಫೋನಿನಲ್ಲಿ ಇನ್ನೇನನ್ನೂ ಅಳಿಸಬೇಡಿ, ಯಾರ ಕೈಗೂ ಕೊಡಬೇಡಿ ಎಂದು ಯಶೋಧರಾ ಹೇಳಿದಳು. ಹೊರಡುವ ಮುಂಚೆ ಒಮ್ಮೆ ತಾನೂ ಎಲ್ಲವನ್ನೂ ಓದಿದಳು. ಬಸ್ಸಿನಲ್ಲಿ ಕೂತು ನೆನಪಿದ್ದಷ್ಟನ್ನೂ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ತೆಕ್ಕಲಕೋಟೆ ದಾಟಿದ್ದು ಅವಳ ಗಮನಕ್ಕೆ ಬರಲಿಲ್ಲ.

ಯಶೋಧರಾಳ ಗಂಡ ದೊಡ್ಡಬಸವರಾಜ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸದವನು. ಮರುದಿನ ಮೊದಲ ಪಾಳಿ ಮುಗಿಸಿ ಮೂರು ಗಂಟೆಗೆ ಬಂದ. ಅವನು ಉಂಡು ಕೈತೊಳೆಯುವವರೆಗೆ ಕಾದು, ಮಗಳು ಜಯಶ್ರೀಯನ್ನು ಗೆಳತಿಯ ಮನೆಗೆ ಕಳಿಸಿ, ಯಶೋಧರಾ ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಳಿದಳು.

ಸಂಗಮೇಶ್ ಮೊದಲು ನಕ್ಕ. “ಅತ್ತಿಗಿ, ಆಕಿಗೆ ಧ್ಯಾನ ಕಲಸಾಕತ್ತಿದ್ದೆ. ಹಳ್ಳಿ ಹುಡುಗಿ, ತಪ್ಪು ತಿಳ್ಕೊಂಡಾಳ.”

“ನಿನ್ನೆ ಕೇಳಿದ್ರ ನನಗ ಗೊತ್ತಿಲ್ಲ ಅಂದಿ.”

“ಆಕಿನ ಮೊದಲು ಮೆಸೇಜ್ ಮಾಡಿದ್ದು.”

“ಆಕಿಗೆ ಹನ್ನೆರಡು ವರ್ಷ ಸಂಗಮೇಶ. ನಮ್ಮ ಜಯಶ್ರೀಗಿಂತ ಒಂದು ವರ್ಷ ಸಣ್ಣಾಕಿ.”

ಅವನು ಮುಖ ಮುಚ್ಚಿಕೊಂಡು ಅಳತೊಡಗಿದ. ತಾಯಿ ಚನ್ನವೀರಮ್ಮ ಎದ್ದು ಬಂದು ಮಗನ ಪಕ್ಕ ನಿಂತಳು.

“ಸಾಕ್ ಮಾಡು ಯಶೋಧರಾ. ನನ್ನ ಮಗ ಅಂಥಾವಲ್ಲ. ಐದು ವರ್ಷದಾಂವ ಇದ್ದಾಗಿಂದ ಲಿಂಗಪೂಜಿ ಬಿಟ್ಟಿಲ್ಲ. ಮದುವಿ ಹತ್ರ ಬಂದೈತಿ, ಯಾರೋ ಆಗಲಾರದವರು ಮಾಡ್ಸ್ಯಾರ ಇದನ್ನ. ನೀನರ ಮನಿ ಸೊಸಿ ಆಗಿ ಅವರ ಮಾತು ಹೊತ್ಕೊಂಡು ಬಂದೀಯಲ್ಲ.”

ಗವಿಸಿದ್ದಪ್ಪ ಮಾತ್ರ ಮಗನನ್ನೇ ನೋಡುತ್ತಿದ್ದರು. “ನಾಳೆಯಿಂದ ಇಂವ ತರಗತಿಗೆ ಕುಂದರಾಂಗಿಲ್ಲ,” ಎಂದರು. “ಇಲ್ಲಿಗೆ ಮುಗೀತು. ಯಾರೂ ಈ ಮಾತು ಎತ್ತಬಾರ್ದು.”

“ಹೆಂಗ ಮುಗೀತೈತಿ ಮಾವ? ಅರವತ್ತನಾಕು ಮಕ್ಕಳ ನಂಬರ್ ಅವನ ಫೋನಿನ್ಯಾಗ ಅದಾವ.”

“ಏನ್ ಮಾಡಂತೀ? ಪೊಲೀಸ್ ಸ್ಟೇಷನ್‌ಗೆ ಹೋಗಂತೀಯೇನು? ನಲವತ್ತು ವರ್ಷ ಈ ಊರಾಗ ಬೀಜದ ಅಂಗಡಿ ನಡ್ಸೀನಿ. ಒಬ್ಬರು ನನಗ ಬೊಟ್ಟು ಮಾಡಿ ತೋರ್ಸಿಲ್ಲ.”

“ಗೊತ್ತಿದ್ದೂ ಹೇಳಲಿಲ್ಲಂದ್ರ ಅದೂ ಅಪರಾಧ ಐತ್ರಿ. ನಾ ಟೀಚರು. ನಾ ಸುಮ್ನಿರಾಕ ಬರಾಂಗಿಲ್ಲ.”

“ಬಸವರಾಜಾ, ನಿನ್ನ ಹೆಂಡ್ತಿಗೆ ಹೇಳು,” ಎಂದು ಅವರು ಎದ್ದು ಹೋದರು.

ಕೋಣೆಯಲ್ಲಿ ಬಸವರಾಜ ಹಾಸಿಗೆಯ ತುದಿಯಲ್ಲಿ ಕೂತು ಅಂಗಿಯ ಗುಂಡಿ ಬಿಚ್ಚುತ್ತ, “ಸ್ವಲ್ಪ ತಡಿ,” ಎಂದ. “ಮದುವಿ ಆಗ್ಲಿ. ಹೆಂಡ್ತಿ ಬಂದ್ಲಂದ್ರ ಸರಿ ಹೋಗ್ತಾನ.”

“ಆ ಹೆಂಡ್ತಿಗೆ ತಂಗಿ ಅದಾಳ, ನೋಡೀರಲ್ಲ? ಆರನೇ ಕ್ಲಾಸು.”

ಅವನ ಕೈ ನಿಂತಿತು. ಬಾಗಿಲ ಹೊರಗೆ ಒಗೆದ ಬಟ್ಟೆ ಮಡಿಸುತ್ತಿದ್ದ ಚನ್ನವೀರಮ್ಮನ ಕೈಯೂ ನಿಂತಿತು. ಅವಳು ಬಟ್ಟೆಯ ಗಂಟನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋದಳು.

ಎರಡು ದಿನದಲ್ಲಿ ಕೊಡುವ ದೂರು ಆರು ದಿನವಾದರೂ ಆಗಲಿಲ್ಲ. ಯಶೋಧರಾ ಹೊನ್ನೂರಮ್ಮನ ಫೋನಿಗೆ ಕಾದಳು. ತಾನೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬಹುದಿತ್ತು. ೧೦೯೮ ಒತ್ತಿ ಎರಡು ಸಲ ಕಟ್ ಮಾಡಿದಳು. ಆ ವಾರದ ತರಗತಿಯನ್ನು ಹುಷಾರಿಲ್ಲವೆಂದು ಹೇಳಿ ನಿಲ್ಲಿಸಿದಳು. ಮನೆಯಲ್ಲಿ ಮದುವೆಯ ಕೆಲಸ ನಿಲ್ಲಲಿಲ್ಲ. ಸೀರೆ ಆರಿಸಿದರು, ಗೋಡೆಗೆ ಸುಣ್ಣ ಹೊಡೆಸಿದರು. ಯಶೋಧರಾ ಬಡಿಸಿದರೆ ಮಾವ ಮಜ್ಜಿಗೆಯನ್ನಷ್ಟೇ ಕುಡಿದು ಏಳುತ್ತಿದ್ದರು. ಪಡಸಾಲೆಯಲ್ಲಿ ಅಜ್ಜಿಯ ಪಕ್ಕ ಮಲಗುತ್ತಿದ್ದ ಜಯಶ್ರೀ, ಯಾರೂ ಹೇಳದಿದ್ದರೂ, ಹಾಸಿಗೆ ಸುತ್ತಿಕೊಂಡು ತಾಯಿಯ ಕೋಣೆಗೆ ಬಂದಳು.

“ಯಾಕಲೇ?” ಎಂದು ಅಜ್ಜಿ ಕೇಳಿದಳು.

“ಅಲ್ಲಿ ಕಾಕಾ ನೀರು ಕುಡ್ಯಾಕ ಓಡಾಡ್ತಾನ,” ಎಂದಳು ಹುಡುಗಿ. ಅಷ್ಟೇ ಹೇಳಿದಳು. ಚನ್ನವೀರಮ್ಮ ಮೊಮ್ಮಗಳ ಮುಖವನ್ನೇ ನೋಡುತ್ತ ನಿಂತಳು.

ಏಳನೆಯ ದಿನ ಹೊನ್ನೂರಮ್ಮನ ಫೋನ್ ಬಂತು.

“ನಮ್ಮ ಯಜಮಾನನ್ನ ಮಿಲ್ಲಿನ ಸಾಹುಕಾರ ಕರೆಸಿದ್ರು ಟೀಚರ್ರೇ. ದೊಡ್ಡವರ ಮನಿ ಮ್ಯಾಲೆ ಇಲ್ಲದ್ದು ಹೇಳಬ್ಯಾಡ್ರಿ, ಹೇಳಿದ್ರ ನಾಳಿಂದ ಮಿಲ್ಲಿಗೆ ಬರಬ್ಯಾಡ ಅಂದಾರ. ನಿಮ್ಮ ಮಾವನಾರು ಫೋನ್ ಮಾಡಿದ್ರಂತ. ನಿಮಗ ಎರಡು ದಿನ ಕೇಳಿದ್ದೆ ನಾನು. ನೀವು ಮನ್ಯಾಗ ಹೇಳಿದ್ರೇನು?”

“ಹೇಳಿದೆ,” ಎಂದಳು ಯಶೋಧರಾ. “ಅವರು ಅಷ್ಟಕ್ಕ ಹೋಗ್ತಾರಂತ ತಿಳಿಲಿಲ್ಲ. ತಪ್ಪಾತು.”

ಆ ಕಡೆಯಿಂದ ಫೋನ್ ಕಟ್ಟಾಯಿತು.

ಅಡುಗೆಮನೆಯಲ್ಲಿ ಚನ್ನವೀರಮ್ಮ ರೊಟ್ಟಿ ತಟ್ಟುತ್ತಿದ್ದಳು. ಸೊಸೆಯ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ಯಶೋಧರಾ, ಇಲ್ಲಿ ಬಾ,” ಎಂದಳು. “ಆ ಹುಡುಗಿ ಫೋನಿನ್ಯಾಗ ಇದ್ದದ್ದು ಓದು.”

“ಫೋನ್ ನನ್ನ ಹತ್ರ ಇಲ್ರಿ ಅತ್ತಿ. ನೆನಪಿದ್ದದ್ದು ಬರಕೊಂಡೀನಿ.”

“ಅದನ್ನ ಓದು. ನನಗ ಅಕ್ಷರ ಬರಾಂಗಿಲ್ಲಂತ ನೀವೆಲ್ಲಾ ನನ್ನ ಮುಂದ ಬರೇ ಜಗಳಾಡ್ತೀರಿ. ಏನೈತಿ ಅಂತ ಒಬ್ಬರೂ ಹೇಳಿಲ್ಲ.”

ಯಶೋಧರಾ ಹಾಜರಿ ಪುಸ್ತಕ ತಂದಳು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಮೊದಲಿನಿಂದ ಓದಿದಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಚನ್ನವೀರಮ್ಮ ಅದನ್ನು ತೆಗೆದು ಬದಿಗಿಟ್ಟು ಮತ್ತೊಂದು ಹಾಕಿದಳು; ಅದೂ ಕಪ್ಪಾಯಿತು. ಮೂರನೇ ಫೋಟೋದ ಮಾತು ಬಂದಾಗ ಸೊಸೆ ಓದು ನಿಲ್ಲಿಸಿದಳು.

“ಓದು.”

ಓದಿದಳು.

“‘ಅವ್ವಗ ಹೇಳಬ್ಯಾಡ’ ಅನ್ನೋದು ಎಷ್ಟು ಸಲ ಐತಿ?”

“ನಾ ಬರಕೊಂಡದ್ರಾಗ ಏಳು ಸಲ ಐತ್ರಿ.”

ಚನ್ನವೀರಮ್ಮ ಗ್ಯಾಸ್ ಆರಿಸಿದಳು. ಕೈಗೆ ಹತ್ತಿದ ಹಿಟ್ಟನ್ನು ನಿಧಾನವಾಗಿ ಉದುರಿಸಿಕೊಂಡಳು.

“ಧ್ಯಾನ ಕಲಸಾಂವ ಆಗಿದ್ರ ಒಂದು ಸಲ ಸೈತ ಅನ್ನತಿರಲಿಲ್ಲ,” ಎಂದಳು. ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. ದನಿ ಹೊರಗೆ ಬರದಂತೆ ಅತ್ತಳು. ಆಮೇಲೆ ಮುಖ ತೊಳೆದು ಬಂದು, “ಕುರುಗೋಡಿಗೆ ಬಸ್ಸು ಎಷ್ಟೊತ್ತಿಗೆ ಐತಿ?” ಎಂದು ಕೇಳಿದಳು.

ಅತ್ತೆ ಸೊಸೆ ಇಬ್ಬರೇ ಹೋದರು. ಹೆಣ್ಣಿನ ತಾಯಿ ಗುರುಬಸಮ್ಮ, ಬೀಗಿತಿ ಹೇಳದೆ ಕೇಳದೆ ಬಂದದ್ದು ನೋಡಿ ಗಡಿಬಿಡಿಯಲ್ಲಿ ಕಂಬಳಿ ಹಾಸಿದಳು. ಒಳಗೆ ಪಾತ್ರೆಗಳ ಸದ್ದಾಯಿತು.

“ಏನೂ ಮಾಡಬ್ಯಾಡ್ರಿ ಬೀಗ್ತಿ,” ಎಂದಳು ಚನ್ನವೀರಮ್ಮ. “ಮೊದಲು ನನ್ನ ಮಾತು ಕೇಳ್ರಿ. ಆಮ್ಯಾಲೆ ನೀರು ಕೊಡಬೇಕು ಅನಿಸಿದ್ರ ಕೊಡ್ರಿ.”

ಹುಡುಗಿಯ ಹೆಸರನ್ನಾಗಲೀ ಊರನ್ನಾಗಲೀ ಅವಳು ಹೇಳಲಿಲ್ಲ. ಹನ್ನೆರಡು ವರ್ಷದ ಒಬ್ಬ ಹುಡುಗಿ ಎಂದಳು. ಮಗ ಮಾಡಿದ್ದನ್ನು ಸೊಸೆ ಓದಿದ ಕ್ರಮದಲ್ಲೇ ಒಂದೂ ಬಿಡದೆ ಹೇಳಿದಳು. ಮುಗಿದ ಮೇಲೆ ಗುರುಬಸಮ್ಮ ಒಳಗೆ ತಿರುಗಿ ಕಿರಿಯ ಮಗಳನ್ನು ಕರೆದಳು.

“ಸಂಗಮೇಶ ಮಾಮ ನಿನಗೇನರ ಮೆಸೇಜ್ ಮಾಡ್ತಾನೇನು?”

ಹನ್ನೊಂದು ವರ್ಷದ ಹುಡುಗಿ ಎಲ್ಲರ ಮುಖ ನೋಡಿದಳು. “ದಿನಾ ಮುಂಜಾನಿ ಹೂವಿನ ಚಿತ್ರ ಕಳಸ್ತಾನ. ಚಲೋ ಹಾಡ್ತೀ ಅಂತಾನ.”

“ಮತ್ತ?”

“ಅಕ್ಕಗ ತೋರಸಬ್ಯಾಡ, ನಮ್ಮಿಬ್ಬರದ್ದ ಗುಟ್ಟು ಅಂತಾನ.”

ಗುರುಬಸಮ್ಮ ಮಗಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿ, ಅವಳ ಫೋನನ್ನು ಇಸಿದುಕೊಂಡು ತನ್ನ ಕುಪ್ಪಸದೊಳಗಿಟ್ಟುಕೊಂಡಳು. ಎದ್ದು ಹೋಗಿ ಒಂದು ಚೊಂಬು ನೀರು ತಂದು ಚನ್ನವೀರಮ್ಮನ ಮುಂದೆ ಹಿಡಿದಳು.

“ಇದನ್ನ ನೀವು ಮದುವಿ ಆದಮ್ಯಾಲೆ ಹೇಳಿದ್ರ...” ಎಂದಳು.

ಚನ್ನವೀರಮ್ಮ ನೀರು ಕುಡಿದಳು. ಮದುವೆ ಅಲ್ಲಿಗೆ ಮುರಿಯಿತು.

ಮನೆಗೆ ಬಂದವಳೇ ಅವಳು ಗಂಡನ ಕುರ್ಚಿಯ ಮುಂದೆ ನಿಂತಳು.

“ಆ ಮಿಲ್ಲಿನವರಿಗೆ ಫೋನ್ ಹಚ್ರಿ.”

“ಯಾವ ಮಿಲ್ಲು?”

“ನಿಮಗ ಗೊತ್ತೈತಿ. ಆ ಮನುಷಾನ ಅನ್ನಕ್ಕ ಕಲ್ಲು ಹಾಕಬ್ಯಾಡ್ರಿ, ನಾ ಹೇಳಿದ್ದು ತಪ್ಪು ಅಂತ ಹೇಳ್ರಿ. ನನ್ನ ಮುಂದ ಹೇಳ್ರಿ.”

“ನಿನಗೂ ತಲಿ ಕೆಟ್ಟೈತೇನು? ಅಂವ ನಿನ್ನ ಹೊಟ್ಯಾಗ ಹುಟ್ಟಿದಾಂವ.”

“ಅದಕ್ಕ ಅಂತೀನಿ. ಹಚ್ರಿ.”

ನಲವತ್ತಾರು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಎದುರು ನಿಂತದ್ದು ಅದೇ ಮೊದಲು. ಗವಿಸಿದ್ದಪ್ಪ ಬಹಳ ಹೊತ್ತು ಕನ್ನಡಕ ಒರೆಸುತ್ತ ಕೂತರು. ಕೊನೆಗೆ ಫೋನ್ ಎತ್ತಿದರು. ಅವರು ಮಾತಾಡಿ ಮುಗಿಸುವವರೆಗೂ ಅವಳು ಕದಲಲಿಲ್ಲ.

ಮಿಲ್ಲಿನ ಬೆದರಿಕೆ ತಪ್ಪಿದ ಮೇಲೆ ಸೋಮವಾರ ಬೆಳಿಗ್ಗೆ ಹೊನ್ನೂರಮ್ಮ, ಅವಳ ಗಂಡ, ಗಂಗೋತ್ರಿ ಬಳ್ಳಾರಿಗೆ ಬಂದರು. ಯಶೋಧರಾ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದಳು. ಈ ಸಲ ಅವಳು ಮೊದಲೇ ೧೦೯೮ಕ್ಕೆ ಫೋನ್ ಮಾಡಿ ಎಲ್ಲ ಹೇಳಿದ್ದಳು. ಮಕ್ಕಳ ರಕ್ಷಣಾ ಘಟಕದ ಕಚೇರಿಯಲ್ಲಿ ಅಲ್ಲಿನ ಹೆಣ್ಣುಮಗಳೊಬ್ಬಳು, ಸಾದಾ ಚೂಡಿದಾರ ಹಾಕಿಕೊಂಡಿದ್ದವಳು, ಗಂಗೋತ್ರಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿಕೊಂಡು ತಾಯಿಯ ಎದುರಿನಲ್ಲೇ ಮಾತಾಡಿದಳು. ಬರೆದುಕೊಳ್ಳುವ ಮುಂಚೆ, “ನೀ ಮೂರನೇದ್ದು ಕಳಿಸಲಿಲ್ಲ ನೋಡು, ಅಳಿಸಂದ್ರೂ ಎಲ್ಲಾ ಅಳಿಸಲಿಲ್ಲ ನೋಡು, ಅದಕ್ಕ ಭಾಳ ಧೈರ್ಯ ಬೇಕು,” ಎಂದಳಂತೆ. ಹುಡುಗಿ ಆಗ ಮೊದಲ ಬಾರಿ ಅತ್ತಳೆಂದು ಹೊನ್ನೂರಮ್ಮ ಆಮೇಲೆ ಹೇಳಿದಳು. ಅಷ್ಟು ದಿನ ಅತ್ತಿರಲೇ ಇಲ್ಲ.

ದೂರು ದಾಖಲಾಗಿ ಬುಧವಾರ ಪೊಲೀಸರು ಬಂದು ಸಂಗಮೇಶನನ್ನು ಕರೆದುಕೊಂಡು ಹೋದರು. ಅವನ ಫೋನಿನಲ್ಲಿ ಇನ್ನಿಬ್ಬರು ಮಕ್ಕಳ ಜೊತೆಗೂ ಅದೇ ಹೊಗಳಿಕೆ, ಅದೇ ಗುಟ್ಟಿನ ಮಾತು ಶುರುವಾಗಿತ್ತೆಂದು ತಿಳಿದುಬಂತು. ಬಸವರಾಜ ಅಂದು ರಜೆ ಹಾಕಿದ್ದ. ಜೀಪು ಹೋದ ಮೇಲೆ ಹೆಂಡತಿಯ ಹತ್ತಿರ ಬಂದು, “ಮದುವಿ ಆಗ್ಲಿ ಅಂದಿದ್ದೆ ನಾನು,” ಎಂದಷ್ಟೇ ಹೇಳಿ ಹೊರಗೆ ಹೋಗಿ ನಿಂತ. ಓಣಿಯಲ್ಲಿ ಕೆಲವರು ಯಶೋಧರಾಳನ್ನು ನೋಡಿ ದಾರಿ ಬಿಟ್ಟು ನಡೆದರು. ಹೂವಿನವಳು ಎರಡು ವಾರ ಮನೆಗೆ ಹೂವು ಕೊಡಲಿಲ್ಲ.

ಚನ್ನವೀರಮ್ಮ ಪ್ರತಿ ವಾರ ಜೈಲಿಗೆ ಹೋಗಿ ಮಗನನ್ನು ನೋಡಿ ಬರುತ್ತಿದ್ದಳು. ಮೊದಲ ಸಲ ಅವನು, “ಅವ್ವಾ, ನೀನೂ ನನ್ನ ಕೈ ಬಿಟ್ಟಿ,” ಎಂದನಂತೆ. “ಬಿಟ್ಟಿದ್ರ ಬರ್ತಿದ್ದಿಲ್ಲ,” ಎಂದಳಂತೆ ಅವಳು. ಸಂಗಮೇಶನ ಫೋನನ್ನು ಮನೆಯಲ್ಲಿ ಯಾರು ಬೇಕಾದರೂ ಮುಟ್ಟುತ್ತಿದ್ದರು ಎಂದು ತಾಯಿಯೇ ಕೋರ್ಟಿನಲ್ಲಿ ಹೇಳಿದರೆ ಕೇಸು ಸಡಿಲಾಗುತ್ತದೆಂದು ವಕೀಲರು ಮನೆಗೆ ಬಂದು ತಿಳಿಸಿದರು. ಗವಿಸಿದ್ದಪ್ಪ ಹೆಂಡತಿಯ ಮುಖ ನೋಡಿದರು.

“ನಾನು ತಾಯಿ ಅದೀನಿ, ನೋಡಾಕ ಹೋಗ್ತೀನಿ,” ಎಂದಳು ಚನ್ನವೀರಮ್ಮ. “ಸುಳ್ಳು ಹೇಳಾಕ ಹೋಗಾಂಗಿಲ್ಲ.” ವಕೀಲರಿಗೆ ಚಹಾ ಕೊಟ್ಟು ಕಳಿಸಿದಳು.

ಗಂಗೋತ್ರಿ ಏಳನೇ ತರಗತಿಗೆ ಶಾಲೆಗೆ ಹೋಗತೊಡಗಿದಳು. ಹದಿನೈದು ದಿನಕ್ಕೊಮ್ಮೆ ಬಳ್ಳಾರಿಗೆ ಆಪ್ತ ಸಮಾಲೋಚನೆಗೆ ಬಂದು ಹೋಗುತ್ತಿದ್ದಳು. ಅರಿವಿನಂಗಳಕ್ಕೆ ಮತ್ತೆ ಬರುವುದಿಲ್ಲವೆಂದು ಹೊನ್ನೂರಮ್ಮ ಫೋನಿನಲ್ಲಿ ಹೇಳಿದಾಗ ಯಶೋಧರಾ ಒತ್ತಾಯಿಸಲಿಲ್ಲ.

ತರಗತಿಯನ್ನೇ ಮುಚ್ಚಿಬಿಡಬೇಕೆಂದು ಅವಳಿಗೆ ಅನಿಸಿತ್ತು. ಮಕ್ಕಳು ಮಾತ್ರ ಕೇಳುತ್ತಲೇ ಇದ್ದರು, ಯಾವಾಗ ಶುರು ಎಂದು. ಜುಲೈ ಕೊನೆಯ ಭಾನುವಾರ ಸಮುದಾಯ ಭವನವೊಂದರಲ್ಲಿ ತಂದೆತಾಯಿಯರ ಸಭೆ ಕರೆದಳು. ಅರವತ್ತನಾಲ್ಕು ಮನೆಯವರಲ್ಲಿ ಇಪ್ಪತ್ತಾರು ಮನೆಯವರು ಬಂದರು. ಗವಿಸಿದ್ದಪ್ಪ ಅಧ್ಯಕ್ಷತೆ ಬಿಟ್ಟಿದ್ದರು, ಬರಲಿಲ್ಲ. ಚನ್ನವೀರಮ್ಮ ಮೊದಲ ಸಾಲಿನಲ್ಲಿ ಕೂತಿದ್ದಳು. ಬಸವರಾಜ ಕುರ್ಚಿ ಹಾಕಿದ.

ಯಶೋಧರಾ ಎದ್ದು ಹೊಸ ಕಟ್ಟಳೆಗಳನ್ನು ಓದಿದಳು. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರುತ್ತಾರೆ. ಮಕ್ಕಳ ನಂಬರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಹೇಳುವುದೆಲ್ಲ ತಂದೆತಾಯಿಯ ಫೋನಿಗೆ. ಒಂದೇ ಮಗುವಿಗೆ ಬೇರೆ ತರಗತಿ ಇಲ್ಲ. ಯಾರಾದರೂ ಗುಟ್ಟು ಎಂದರೆ ಅದನ್ನೇ ಮೊದಲು ಮನೆಯಲ್ಲಿ ಹೇಳಬೇಕೆಂದು ಮಕ್ಕಳಿಗೆ ಕಲಿಸುತ್ತೇವೆ. ತರಗತಿ ನಡೆಯುವಾಗ ಬಾಗಿಲು ತೆರೆದಿರಬೇಕು.

ಹಿಂದಿನ ಸಾಲಿನಿಂದ ಮೋಕದ ರೈತನೊಬ್ಬ ಎದ್ದು ನಿಂತ.

“ಕೇಳಿದ್ರ ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗಿನ ಮನುಷಾನ ಮಾಡ್ಯಾನ. ಈಗ ನಿಮ್ಮನ್ನ ಹೆಂಗ ನಂಬಬೇಕ್ರಿ ನಾವು?”

ಯಶೋಧರಾ ಬಾಯಿ ತೆರೆಯುವ ಮೊದಲೇ ಚನ್ನವೀರಮ್ಮ ಮೊಣಕಾಲು ಹಿಡಿದು ಎದ್ದು, ಜನರ ಕಡೆ ತಿರುಗಿ ನಿಂತಳು.

“ಅಂವ ನನ್ನ ಮಗ,” ಎಂದಳು. “ಹೆತ್ತಾಕಿ ನಾನು. ಒಂದ ಮನ್ಯಾಗ ಇದ್ದು ನನಗ ಗೊತ್ತಾಗ್ಲಿಲ್ಲ. ಗೊತ್ತಾದ ಮ್ಯಾಲೂ ಒಂದು ವಾರ ನಾ ಅಂವನ್ನ ನಂಬಿದೆ. ನಮ್ಮನ್ನ ನಂಬಬ್ಯಾಡ್ರಿ. ಈ ನನ್ನ ಸೊಸಿನ್ನೂ ನಂಬಬ್ಯಾಡ್ರಿ. ವಿಭೂತಿ ನೋಡಿ ನಂಬಬ್ಯಾಡ್ರಿ, ದನಿ ಕೇಳಿ ನಂಬಬ್ಯಾಡ್ರಿ. ಹುಡುಗೂರು ಕುಂತಾಗ ನೀವೂ ಬಾಜು ಕುಂದರ್ರಿ. ನಾ ಕೇಳೋದು ಇಷ್ಟ.”

ಮೋಕದವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಐದಕ್ಕ ನಾವೆಲ್ಲಾ ಹೊಲದಾಗ ಇರ್ತೀವಲ್ರೀ ಅಮ್ಮಾ,” ಎಂದ.

“ಹಂಗಾದ್ರ ಹೊತ್ತು ಬದಲಸೋಣು,” ಎಂದಳು ಯಶೋಧರಾ. “ನೀವು ಮನ್ಯಾಗ ಇರೋ ಹೊತ್ತು ಹೇಳ್ರಿ.”

ಒಬ್ಬರು ಬೆಳಿಗ್ಗೆ ಏಳು ಎಂದರು, ಒಬ್ಬರು ಸಂಜೆ ಏಳೂವರೆ ಎಂದರು. ಗದ್ದಲವಾಯಿತು. ಆ ಗದ್ದಲದ ನಡುವೆ ನಡುಸಾಲಿನ ಒಬ್ಬ ಹೆಂಗಸು, ಕೂಲಿ ಕೆಲಸದವಳು, ಕೈ ಎತ್ತಿದಳು.

“ಕುಂದರ್ತೀವ್ರಿ. ಆದ್ರ ನಮಗ ಓದಾಕ ಬರಾಂಗಿಲ್ಲ. ಆ ಫೋನಿನ್ಯಾಗ ಏನ್ ನಡದೈತಿ ಅಂತ ನಮಗ ಹೆಂಗ ತಿಳೀತೈತಿ?”

“ನನಗೂ ಓದಾಕ ಬರಾಂಗಿಲ್ಲವಾ,” ಎಂದಳು ಚನ್ನವೀರಮ್ಮ. “ದನಿ ಸಣ್ಣಗಾತಂದ್ರ, ಬಾಗ್ಲ ಮುಚ್ಚಿದ್ರಂದ್ರ, ಏನ್ ನಡದೈತಿ ಅಂತ ಕೇಳು. ಅದಕ್ಕ ಅಕ್ಷರ ಬೇಕಾಗಾಂಗಿಲ್ಲ.”

ಹೇಳಿ ಅವಳು ಮೊದಲ ಸಾಲಿಗೆ ಮರಳಲಿಲ್ಲ. ಆ ಹೆಂಗಸಿನ ಪಕ್ಕದ ಕುರ್ಚಿ ಖಾಲಿಯಿತ್ತು. ಅಲ್ಲಿ ಹೋಗಿ ಕೂತಳು.